ಪೆರ್ಲದಿಂದ ಪೆರ್ಲ್‌ವರೆಗೆ: ಸೆಮಿಸ್ಟರ್ ರಜೆಯಲ್ಲಿ ಒಬ್ಬರೇ ಹೊರಡುವವರಿಗೆ

ಜರ್ಮನಿಯಲ್ಲಿ ಓದುತ್ತಿದ್ದಾಗ, ಎಲ್ಲಿಗಾದರೂ ಹೊರಟೆ ಅಂತ ಫೋನಿನಲ್ಲಿ ಹೇಳಿದರೆ ಅಮ್ಮ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. "ರಾತ್ರಿಗೆ ಎಲ್ಲಿ?" ಯಾವ ಊರು, ಅಲ್ಲಿ ನೋಡಲಿಕ್ಕೆ ಎಂತ ಉಂಟು, ಎಷ್ಟು ಖರ್ಚು, ಇದೆಲ್ಲ ಆಮೇಲೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಾಲ್ಕೈದು ಸಲ ಒಬ್ಬಳೇ ತಿರುಗಿದ ಮೇಲೆ ಗೊತ್ತಾಯಿತು, ಕೇಳಬೇಕಾದ ಪ್ರಶ್ನೆ ಅದೇ. ಹಗಲು ಹೇಗೋ ಕಳೆಯುತ್ತದೆ. ದಾರಿ ತಪ್ಪಿದರೆ ಒಂದು ಹೊಸ ಬೀದಿ ನೋಡಿದ ಹಾಗಾಯಿತು, ಅಷ್ಟೆ. ಎಡವಟ್ಟುಗಳೆಲ್ಲ ಕಾದು ಕೂತಿರುವುದು ಕತ್ತಲಾದ ಮೇಲೆ.

ನಮ್ಮೂರು ಕಾಸರಗೋಡು ಜಿಲ್ಲೆಯ ಪೆರ್ಲ. ಸ್ವಲ್ಪ ಮುಂದೆ ಹೋದರೆ ಸಾರಡ್ಕ, ಅದು ದಾಟಿದರೆ ಕರ್ನಾಟಕ. ಈಗ ಚಿಕ್ಕಮ್ಮನ ಮಗಳು ಜರ್ಮನಿಗೆ ಹೊರಟಿದ್ದಾಳೆ. ಅವಳಿಗೆ ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಮ್ಮ ಕಡೆಯಿಂದ ಓದಲು ಹೋಗುವ ಮಕ್ಕಳು ಈಗ ಜಾಸ್ತಿ ಆಗಿದ್ದಾರೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಲೆಕ್ಕ, ಟಿಕೆಟ್ ಎಲ್ಲ ಜರ್ಮನಿಯವು. ಬೇರೆ ದೇಶದಲ್ಲಿ ಓದುವವರು ಹೆಸರು ಬದಲಾಯಿಸಿಕೊಂಡು ಓದಿ.

ರಜೆ ಅಂದರೆ ಯಾವ ರಜೆ?

ಚಳಿಗಾಲದ ಸೆಮಿಸ್ಟರಿನ ಪಾಠ ಅಕ್ಟೋಬರಿನಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಬೇಸಿಗೆಯದ್ದು ಏಪ್ರಿಲಿನಿಂದ ಜುಲೈವರೆಗೆ. ನಡುವಿನ ಸಮಯಕ್ಕೆ ರಜೆ ಅನ್ನುತ್ತೇವೆ, ಆದರೆ ಅದು ಪಾಠ ಇಲ್ಲದ ಸಮಯ ಮಾತ್ರ. ಪರೀಕ್ಷೆ ಅದರೊಳಗೇ ಬರುತ್ತದೆ. ರಿಪೋರ್ಟ್ ಕೊಡುವ ಕೊನೆಯ ದಿನವೂ ಅಲ್ಲೇ. ಹಾಗಾಗಿ ಟಿಕೆಟ್ ನೋಡುವ ಮೊದಲು ಪರೀಕ್ಷೆಯ ತಾರೀಕು ನೋಡಿ. ಮರುಪರೀಕ್ಷೆಯ ತಾರೀಕನ್ನೂ ನೋಡಿ. ಪಾಸಾಗುತ್ತೇನೆ ಅನ್ನುವ ಧೈರ್ಯದಲ್ಲಿ ಟಿಕೆಟ್ ಮಾಡಿ ಆಮೇಲೆ ರದ್ದು ಮಾಡಿದವರು ನಮ್ಮ ಹಾಸ್ಟೆಲಿನಲ್ಲೇ ಇಬ್ಬರಿದ್ದರು. ಒಬ್ಬಳು ನಾನು.

ಇನ್ನೊಂದು, ಕೆಲಸ. ನಮ್ಮಂಥ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ರಜೆಯಲ್ಲೇ ಹೆಚ್ಚಿನವರು ದುಡ್ಡು ಮಾಡಿಕೊಳ್ಳುವುದು. ಇಡೀ ಒಂದು ತಿಂಗಳು ಊರೂರು ಸುತ್ತುತ್ತೇನೆ ಅಂತ ಹೊರಡುವುದಕ್ಕಿಂತ ಕೆಲಸದ ನಡುವೆ ಮೂರು ದಿನ, ನಾಲ್ಕು ದಿನ ಬಿಡುವು ಮಾಡಿಕೊಳ್ಳುವುದು ಸುಲಭ. ಮೊದಲ ಸಲಕ್ಕಂತೂ ಎರಡು ರಾತ್ರಿ ಸಾಕು.

ಫೆಬ್ರವರಿಯಲ್ಲಿ ಹೊರಡುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಸಂಜೆ ಆರಕ್ಕೆಲ್ಲ ಕತ್ತಲು. ನಮ್ಮೂರಿನಲ್ಲಿ ವರ್ಷಪೂರ್ತಿ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಳುಗುತ್ತಾನೆ. ಅಲ್ಲಿ ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಒಂದೇ ರೈಲು, ಒಂದೇ ಊರು, ಆದರೆ ಫೆಬ್ರವರಿಯಲ್ಲಿ ಏಳು ಗಂಟೆಗೆ ಇಳಿಯುವುದೂ ಜೂನಿನಲ್ಲಿ ಏಳಕ್ಕೆ ಇಳಿಯುವುದೂ ಒಂದೇ ಅಲ್ಲ.

ಕಾಗದಪತ್ರ

ಜರ್ಮನಿಯ ವಾಸದ ಪರವಾನಗಿ ಕಾರ್ಡು ಕೈಯಲ್ಲಿದ್ದರೆ, ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ಪ್ರದೇಶದ ಬೇರೆ ದೇಶಗಳಿಗೆ ಬೇರೆ ವೀಸಾ ಬೇಡ. ಕಾರ್ಡ್ ಇನ್ನೂ ಸಿಗದೆ ಪಾಸ್‌ಪೋರ್ಟಿನಲ್ಲಿ ಊರಿನಿಂದ ಅಂಟಿಸಿಕೊಂಡು ಬಂದ ಡಿ ವೀಸಾ (ದೀರ್ಘಾವಧಿಯದ್ದು) ಚಾಲ್ತಿಯಲ್ಲಿದ್ದರೂ ಆಗುತ್ತದೆ. ಯಾವುದೇ 180 ದಿನಗಳಲ್ಲಿ 90 ದಿನ ಅಲ್ಲೆಲ್ಲ ತಿರುಗಬಹುದು. ಷೆಂಗೆನ್ ಒಳಗೆ ಈಗ 29 ದೇಶ. ಸ್ವಿಟ್ಜರ್‌ಲ್ಯಾಂಡ್, ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನಿನಲ್ಲಿ ಉಂಟು. ಐರ್ಲೆಂಡ್ ಒಕ್ಕೂಟದಲ್ಲಿದೆ, ಷೆಂಗೆನಿನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಲಂಡನ್‌ಗೆ ಅಗ್ಗದ ವಿಮಾನ ಕಂಡಿತು ಅಂತ ಸುಮ್ನೆ ಟಿಕೆಟ್ ಮಾಡಿಬಿಡಬೇಡಿ. ಅದಕ್ಕೆ ಬೇರೆ ವೀಸಾ ಬೇಕೇ ಬೇಕು.

ಕಾರ್ಡಿನ ಅವಧಿ ಮುಗಿಯುತ್ತ ಬಂದಿದ್ದರೆ, ನವೀಕರಣಕ್ಕೆ ಕೊಟ್ಟು ತಾತ್ಕಾಲಿಕ ಕಾಗದ ಮಾತ್ರ ಕೈಯಲ್ಲಿದ್ದರೆ, ವಿದೇಶಿಯರ ಕಚೇರಿಯಲ್ಲಿ ಕೇಳದೆ ಗಡಿ ದಾಟಬೇಡಿ.

ಪಾಸ್‌ಪೋರ್ಟ್ ಮೂಲ ಪ್ರತಿಯೇ ಬೇಕು. ಕಾರ್ಡ್ ಮಾತ್ರ ಸಾಲದು, ಜೆರಾಕ್ಸ್ ನಡೆಯುವುದಿಲ್ಲ, ಫೋನಿನಲ್ಲಿ ಫೋಟೋ ತೋರಿಸಿದರೂ ಆಗುವುದಿಲ್ಲ. ಗಡಿಯಲ್ಲಿ ಯಾರೂ ನೋಡುವುದಿಲ್ಲ ಅನ್ನುವುದು ಹಳೇ ಮಾತು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ನಾನು ಲಕ್ಸೆಂಬರ್ಗಿನಿಂದ ವಾಪಸ್ ಬರುವಾಗ ಇಬ್ಬರು ಪೊಲೀಸರು ರೈಲು ಹತ್ತಿದರು. ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಪುಟ ತಿರುಗಿಸಿ, ಕಾರ್ಡಿನ ಜೊತೆ ಮುಖ ಹೋಲಿಸಿ, ಥ್ಯಾಂಕ್ಸ್ ಹೇಳಿ ಕೊಟ್ಟರು. ಅರ್ಧ ನಿಮಿಷ. ಎದುರು ಸೀಟಿನ ಹುಡುಗ ಫೋನಿನಲ್ಲಿ ಫೋಟೋ ತೋರಿಸಿದ. ಅವನನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿಕೊಂಡರು. ಗಡಿ ಅನ್ನುವುದು ಇವತ್ತು ತೆರೆದಿದ್ದರೆ ನಾಳೆಯೂ ತೆರೆದೇ ಇರುತ್ತದೆ ಅಂತ ಕಾಸರಗೋಡಿನವರು ನಂಬುವುದಿಲ್ಲ. 2020ರಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದನ್ನು ನೋಡಿದವರು ನಾವು.

ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿ ಒಮ್ಮೆ ನೋಡಿ. ಸರಕಾರಿ ವಿಮೆಯಾದರೆ ಹಿಂದುಗಡೆ ಯುರೋಪಿನ ವಿಮೆ ಕಾರ್ಡು ಇರುತ್ತದೆ. ಬೇರೆ ದೇಶದಲ್ಲಿ ಜ್ವರ ಬಂದರೆ ಅದನ್ನೇ ತೋರಿಸುವುದು. ಆದರೆ ಒಕ್ಕೂಟದ ಹೊರಗಿನ ಪಾಸ್‌ಪೋರ್ಟ್ ಇರುವ ನಮಗೆ ಡೆನ್ಮಾರ್ಕ್, ನಾರ್ವೆ, ಸ್ವಿಟ್ಜರ್‌ಲ್ಯಾಂಡ್ ಥರದ ಕೆಲವು ಕಡೆ ಅದು ನಡೆಯುವುದಿಲ್ಲ. ಅಲ್ಲಿಗೆ ಹೋಗುವುದಾದರೆ ಬೇರೆ ಪ್ರಯಾಣ ವಿಮೆ ಮಾಡಿಸಿ.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಕೆಲವು ಅಗ್ಗದ ವಿಮಾನಗಳಲ್ಲಿ ನಮ್ಮಂಥವರು ಮೊದಲು ಕೌಂಟರಿಗೆ ಹೋಗಿ ಪಾಸ್‌ಪೋರ್ಟು, ಕಾರ್ಡು ತೋರಿಸಬೇಕು. ಫೋನಿನಲ್ಲಿ ಬೋರ್ಡಿಂಗ್ ಪಾಸ್ ಬಂತು ಅಂತ ನೇರ ಗೇಟಿಗೆ ಹೋದರೆ ಅಲ್ಲಿಂದ ವಾಪಸ್ ಓಡಿಸುತ್ತಾರೆ.

ಮೊದಲ ಸಲ ಎಲ್ಲಿಗೆ?

ಪ್ಯಾರಿಸ್, ರೋಮ್, ಪ್ರಾಗ್ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲ ಸಲ ನೀವಿರುವ ಕಡೆಯಿಂದ ಹಗಲಿನಲ್ಲೇ ತಲುಪುವ ಒಂದು ಸಣ್ಣ ಊರು ಹುಡುಕಿ. ನಾನು ಹೋದದ್ದು ಟ್ರಿಯರ್‌ಗೆ. ಅಲ್ಲಿಂದ ಷೆಂಗೆನ್, ಲಕ್ಸೆಂಬರ್ಗ್. ಎರಡು ರಾತ್ರಿ, ಎರಡು ದೇಶ. ರೈಲು ಬಸ್ಸಿಗೆ ಮಾಸಿಕ ಟಿಕೆಟ್ ಬಿಟ್ಟು ಒಂದು ಸೆಂಟ್ ಕೊಡಲಿಲ್ಲ. ಅದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನೇ ಮಾದರಿ ಮಾಡಿಕೊಂಡು ನಿಮ್ಮದನ್ನು ಹೆಣೆಯಬಹುದು.

ಆ ಮಾಸಿಕ ಟಿಕೆಟಿನ ಹೆಸರು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ಬಹಳಷ್ಟು ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆ ಅದರ ಶೇಕಡಾ 60ರ ದರಕ್ಕೆ ಸೆಮಿಸ್ಟರ್ ಫೀಸಿನ ಜೊತೆಗೇ ಬಂದಿರುತ್ತದೆ. ಎಷ್ಟೋ ಜನ ಅದು ತಮ್ಮ ಹತ್ತಿರ ಇರುವುದೇ ಗೊತ್ತಿಲ್ಲದೆ ಟಿಕೆಟ್ ತೆಗೆಯುತ್ತಾರೆ. ಮೊದಲು ಅದನ್ನು ನೋಡಿಕೊಳ್ಳಿ. ಇಡೀ ದೇಶದ ಲೋಕಲ್ ರೈಲು, ಮೆಟ್ರೋ, ಟ್ರಾಮ್, ಬಸ್ಸು ಎಲ್ಲದಕ್ಕೂ ಆಗುತ್ತದೆ. ಐಸಿಇ, ಐಸಿ ಥರದ ವೇಗದ ರೈಲುಗಳಿಗೆ ಆಗುವುದಿಲ್ಲ. ಆ್ಯಪಿನಲ್ಲಿ ಹುಡುಕುವಾಗ ಲೋಕಲ್ ರೈಲು ಮಾತ್ರ ತೋರಿಸು ಅನ್ನುವ ಗುಂಡಿ ಉಂಟು, ಅದನ್ನು ಒತ್ತಿ. ಇಲ್ಲದಿದ್ದರೆ ಅಭ್ಯಾಸಬಲದಿಂದ ಐಸಿಇ ಹತ್ತಿ ಕೂತು ದಂಡ ಕಟ್ಟುತ್ತೀರಿ.

ನಾನಿದ್ದದ್ದು ರೈನ್ ನದಿಯ ಹತ್ತಿರದ ಒಂದು ಊರಿನಲ್ಲಿ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಕೋಬ್ಲೆಂಜ್. ಅಲ್ಲಿ ರೈನ್‌ಗೆ ಮೋಸೆಲ್ ನದಿ ಬಂದು ಸೇರುತ್ತದೆ. ಉಪ್ಪಿನಂಗಡಿಯ ಸಂಗಮ ನೋಡಿದವರಿಗೆ ಆ ಜಾಗ ಇಷ್ಟವಾಗುತ್ತದೆ. ಒಂದು ಗಂಟೆ ಅಲ್ಲಿ ಕೂತು, ಬ್ರೆಡ್ಡು ತಿಂದು, ಟ್ರಿಯರ್ ರೈಲು ಹತ್ತಿದೆ. ಇಲ್ಲಿ ಒಂದು ಎಚ್ಚರಿಕೆ. ಈ ರೈಲು ಟ್ರಿಯರಿನಲ್ಲಿ ಎರಡಾಗಿ ಒಡೆಯುತ್ತದೆ. ಒಂದು ತುಂಡು ಲಕ್ಸೆಂಬರ್ಗಿಗೆ, ಇನ್ನೊಂದು ಮಾನ್‌ಹೈಮ್ ಕಡೆಗೆ. ಹಿಂದೆ ನಮ್ಮ ಬೆಂಗಳೂರು ರೈಲು ಮಂಗಳೂರಿನಲ್ಲಿ ಒಡೆದು ಅರ್ಧ ಕಣ್ಣೂರಿಗೆ, ಅರ್ಧ ಕಾರವಾರಕ್ಕೆ ಹೋಗುತ್ತಿತ್ತಲ್ಲ, ಹಾಗೆಯೇ. ಜರ್ಮನಿಯಲ್ಲಿ ಇಂಥ ರೈಲುಗಳು ತುಂಬಾ. ಹತ್ತುವ ಮೊದಲು ಬೋಗಿಯ ಮೇಲಿನ ಬೋರ್ಡ್ ಓದಿ, ಪ್ಲಾಟ್‌ಫಾರಮ್ಮಿನ ಬೋರ್ಡ್ ಮಾತ್ರ ಓದಿದರೆ ಸಾಲದು.

ಬೋರ್ಡಿನಲ್ಲಿ ಗುರುತು ಹಿಡಿಯಬೇಕಾದ ಮಾತು ಎರಡು. "ಫೆಲ್ಟ್ ಔಸ್" ಅಂದರೆ ರೈಲು ರದ್ದು. "ಎರ್ಸಾಟ್ಸ್‌ಫೆರ್ಕೇರ್" ಅಂದರೆ ರೈಲಿನ ಬದಲು ಬಸ್ಸು, ಅದು ಸ್ಟೇಷನ್ನಿನ ಹೊರಗೆ ಎಲ್ಲೋ ನಿಲ್ಲುತ್ತದೆ, ಓಡಬೇಕು. ಉಳಿದ ಜರ್ಮನ್ ನಿಧಾನಕ್ಕೆ ಬರುತ್ತದೆ.

ಟ್ರಿಯರಿನಲ್ಲಿ ರೋಮನ್ನರು ಕ್ರಿಸ್ತಶಕ 170ರ ಆಸುಪಾಸಿಗೆ ಕಟ್ಟಿದ ಪೋರ್ಟಾ ನಿಗ್ರಾ ಅನ್ನುವ ಕಪ್ಪುಗಟ್ಟಿದ ಕಲ್ಲಿನ ಬಾಗಿಲು ಉಂಟು. ಎಲ್ಲರೂ ಅದನ್ನು ನೋಡಲು ಹೋಗುತ್ತಾರೆ. ನನಗೆ ನಗು ಬಂದದ್ದು ಟ್ರಾಫಿಕ್ ಸಿಗ್ನಲ್ ನೋಡಿ. ನಡೆಯುವವರಿಗೆ ಹಸಿರು ದೀಪದಲ್ಲಿ ಗಡ್ಡದ ಮನುಷ್ಯನೊಬ್ಬ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಾನೆ. ಕಾರ್ಲ್ ಮಾರ್ಕ್ಸ್! ಅವನು 1818ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಕಾಸರಗೋಡಿನಲ್ಲಿ ಚಿಕ್ಕಂದಿನಿಂದ ಬಸ್‌ಸ್ಟಾಂಡಿನ ಗೋಡೆ, ಚುನಾವಣೆಯ ಬ್ಯಾನರ್ ಎಲ್ಲದರಲ್ಲೂ ನೋಡಿದ ಮುಖ. ಅಷ್ಟು ದೂರ ಹೋಗಿ ಅವನು ಹೇಳಿದಾಗ ರಸ್ತೆ ದಾಟಿದೆ. ಆ ಫೋಟೋ ಮನೆಗೆ ಕಳಿಸಿದೆ, ಅಜ್ಜ ಅದನ್ನು ಪೇಟೆಯ ಚಾ ಅಂಗಡಿಯವರೆಗೂ ತೋರಿಸಿಕೊಂಡು ಬಂದರಂತೆ.

ಮರುದಿನ ಟ್ರಿಯರಿನಿಂದ ಒಂದು ಸಣ್ಣ ರೈಲು. ಮೋಸೆಲ್ ನದಿಯ ಉದ್ದಕ್ಕೂ ಹೋಗುತ್ತದೆ. ಬಲಗಡೆ ಕೂತರೆ ನದಿ, ನದಿಯ ಆಚೆ ದಂಡೆ ಲಕ್ಸೆಂಬರ್ಗ್, ಗುಡ್ಡ ಪೂರ್ತಿ ದ್ರಾಕ್ಷಿ ತೋಟ. ಅದು ಹೋಗಿ ಇಳಿಸುವ ಊರಿನ ಹೆಸರು ಪೆರ್ಲ್. ಹೌದು, ಪೆರ್ಲ್. ಅದೂ ಗಡಿಯ ಊರು, ನಮ್ಮದೂ ಗಡಿಯ ಊರು. ಸ್ಟೇಷನ್ನಿನ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ಕೊನೆಯ ಅಕ್ಷರ ಬಿದ್ದುಹೋಗಿದೆ, ಪೈಂಟಿನವನಿಗೆ ಹೇಳು" ಅಂತ ಉತ್ತರ ಬಂತು.

ಪೆರ್ಲ್‌ನಿಂದ ಸೇತುವೆ ಮೇಲೆ ನಡೆದು ನದಿ ದಾಟಿದರೆ ಷೆಂಗೆನ್. ನಮ್ಮ ವೀಸಾದ ಮೇಲೆ ಅಚ್ಚಾಗಿರುವ ಹೆಸರು ನಿಜವಾಗಿ ಒಂದು ಪುಟ್ಟ ಹಳ್ಳಿಯದ್ದು. 1985ರ ಜೂನ್ 14ರಂದು ಐದು ದೇಶಗಳವರು ಅಲ್ಲಿ ನದಿಯಲ್ಲಿ ನಿಂತಿದ್ದ ಒಂದು ಹಡಗಿನ ಮೇಲೆ ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ಆ ಜಾಗವನ್ನೇ ಯಾಕೆ ಆರಿಸಿದರು ಅಂದರೆ ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್ ಮೂರೂ ಅಲ್ಲಿ ಸೇರುತ್ತವೆ. ವೀಸಾ ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡಿದವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಕಾಲು ಗಂಟೆ ಸಾಕು ಊರು ಸುತ್ತಲಿಕ್ಕೆ.

ಅಲ್ಲಿಂದ ಬಸ್ಸು ಹತ್ತಿ ಲಕ್ಸೆಂಬರ್ಗ್ ಪಟ್ಟಣ. ಟಿಕೆಟ್ ಬೇಡ. ಆ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಎಲ್ಲರಿಗೂ ಉಚಿತ. ಕಂಡಕ್ಟರ್ ಬರುತ್ತಾನೋ ಅಂತ ನಾನು ಅರ್ಧ ದಾರಿ ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದೆ. ಅಲ್ಲಿಯ ಜನ ಲಕ್ಸೆಂಬರ್ಗಿಶ್, ಫ್ರೆಂಚ್, ಜರ್ಮನ್ ಮೂರನ್ನೂ ಕಲಸಿ ಮಾತಾಡುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಪಂಚಾಯತ್ ಆಫೀಸಿನಲ್ಲಿ ಮಲಯಾಳ ಅಂತ ಬೆಳೆದವರಿಗೆ ಅದೇನು ಹೊಸತಲ್ಲ ಅಲ್ವಾ. ಅಂದ ಹಾಗೆ ಆ ಮಲಯಾಳ ತುಂಬಾ ಉಪಯೋಗಕ್ಕೆ ಬರುತ್ತದೆ. ಜರ್ಮನಿಯಲ್ಲಿ ಯಾವ ಊರಿಗೆ ಹೋದರೂ ಕೇರಳದ ನರ್ಸುಗಳು ಸಿಗುತ್ತಾರೆ. ಸ್ಟೇಷನ್ನಿನಲ್ಲಿ ಮಲಯಾಳ ಕಿವಿಗೆ ಬಿದ್ದರೆ ಹೋಗಿ ಮಾತಾಡಿಸಿ. ಊರು ಯಾವುದು ಅಂತ ಕೇಳಿ, ಕಾಸರಗೋಡು ಅಂದರೆ "ಹಾಗಾದರೆ ಮಲಯಾಳ ಯಾಕೆ ಹೀಗೆ?" ಅಂತ ನಗುತ್ತಾರೆ. ಪರವಾಗಿಲ್ಲ, ಆಮೇಲೆ ಚಾ ಕುಡಿಸುತ್ತಾರೆ.

ಮಲಗುವ ಜಾಗ

ಈಗ ಅಮ್ಮನ ಪ್ರಶ್ನೆಗೆ ಬರೋಣ. ಇಲ್ಲಿ ಹಾಸ್ಟೆಲ್ ಅಂದರೆ ಓದುವವರದ್ದಲ್ಲ, ಪ್ರಯಾಣಿಕರು ರಾತ್ರಿಗೆ ಬಾಡಿಗೆ ಕೊಟ್ಟು ಉಳಿಯುವ ಜಾಗ. ಒಂದು ಕೋಣೆಯಲ್ಲಿ ನಾಲ್ಕು, ಆರು, ಎಂಟು ಮಂಚ. ಹುಡುಗಿಯರಿಗೇ ಬೇರೆ ಕೋಣೆ ಇರುವ ಹಾಸ್ಟೆಲುಗಳಿವೆ, ಒಂದಿಷ್ಟು ಜಾಸ್ತಿ ಕೊಟ್ಟರೂ ಮೊದಲ ಸಲ ಅದನ್ನೇ ತೆಗೆದುಕೊಳ್ಳಿ. ಬುಕ್ ಮಾಡುವ ಮೊದಲು ಮೂರು ಸಂಗತಿ ನೋಡುತ್ತೇನೆ. ಸ್ಟೇಷನ್ನಿನಿಂದ ನಡೆದು ಎಷ್ಟು ದೂರ. ಸಾಮಾನು ಬೀಗ ಹಾಕಿ ಇಡಲು ಕಪಾಟು ಇದೆಯಾ. ರಿಸೆಪ್ಷನ್ ಎಷ್ಟು ಗಂಟೆಗೆ ಮುಚ್ಚುತ್ತದೆ. ಫೋಟೋ ಚೆಂದ ಇದೆಯಾ ಅನ್ನುವುದು ನಾಲ್ಕನೆಯದ್ದು. ಒಬ್ಬರೇ ಹೋದವರು ಬರೆದ ಅಭಿಪ್ರಾಯಗಳನ್ನು ಓದಿ, ಗುಂಪಾಗಿ ಹೋದವರಿಗೆ ಎಲ್ಲ ಹಾಸ್ಟೆಲೂ ಚೆನ್ನಾಗಿಯೇ ಕಾಣುತ್ತದೆ. ದೊಡ್ಡ ಊರುಗಳಲ್ಲಿ ಸ್ಟೇಷನ್ನಿಗೆ ಹತ್ತಿರ ಇರಲಿ, ಆದರೆ ಅದರ ಬೆನ್ನಿಗೇ ಅಂಟಿಕೊಂಡ ಬೀದಿ ಬೇಡ. ಫ್ರಾಂಕ್‌ಫರ್ಟಿನ ಸ್ಟೇಷನ್ ಬೀದಿಗಳಲ್ಲಿ ರಾತ್ರಿ ಒಬ್ಬರೇ ನಡೆದವರು ಎರಡನೇ ಸಲ ನಡೆಯುವುದಿಲ್ಲ.

ರಿಸೆಪ್ಷನ್ ಯಾಕೆ ಅಂದರೆ, ಇದನ್ನು ನಾನು ಕಲಿತದ್ದು ಚಳಿಯಲ್ಲಿ ನಿಂತು. ಎರಡನೇ ಪ್ರಯಾಣ, ಮಾರ್ಚ್ ಮೊದಲ ವಾರ. ದಕ್ಷಿಣಕ್ಕೆ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಕಡೆ ಹೊರಟಿದ್ದೆ. ನಮ್ಮ ಅಜ್ಜನ ಮನೆಯ ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ ಅಚ್ಚಾಗಿದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದವರ ಊರು ನೋಡಬೇಕು ಅಂತ ಆಸೆ. ದಾರಿಯಲ್ಲಿ ಒಂದು ರಾತ್ರಿ ಒಂದು ಸಣ್ಣ ಊರಿನಲ್ಲಿ ಉಳಿಯುವ ಯೋಚನೆ. ಮೂರು ಸಲ ರೈಲು ಬದಲಿಸಬೇಕಿತ್ತು, ಕೊನೆಯದಕ್ಕೆ ನಡುವೆ ಇದ್ದದ್ದು ಒಂಬತ್ತು ನಿಮಿಷ. ನನ್ನ ರೈಲು ನಲವತ್ತು ನಿಮಿಷ ತಡವಾಯಿತು. ಇಳಿದಾಗ ರಾತ್ರಿ 11 ಹತ್ತಿರ. ಕೊನೆಯ ರೈಲು ಹೋಗಿಯಾಗಿತ್ತು, ಮುಂದಿನದು ಬೆಳಿಗ್ಗೆ ಐದರ ಮೇಲೆ. ಸ್ಟೇಷನ್ ಅಂದರೆ ಗಾಜಿನ ಒಂದು ಗೂಡು, ಒಂದು ಚಾಕೊಲೇಟ್ ಯಂತ್ರ. ಒಬ್ಬ ಸಿಬ್ಬಂದಿ ಇಲ್ಲ. ಬೆಳಗಿನವರೆಗೆ ಯಕ್ಷಗಾನ ನೋಡಿ ಅಭ್ಯಾಸ ಇದ್ದ ಜೀವ, ಆದರೆ ಅಲ್ಲಿ ಚೆಂಡೆಯೂ ಇಲ್ಲ, ಕಡಲೆಯೂ ಇಲ್ಲ, ಎರಡು ಡಿಗ್ರಿ ಚಳಿ.

ಒಂದೇ ಒಂದು ಕೆಲಸ ಸರಿಯಾಗಿ ಮಾಡಿದ್ದೆ. ರೈಲು ತಡವಾಗುತ್ತಿದೆ ಅಂತ ಗೊತ್ತಾದ ಕೂಡಲೇ ಹಾಸ್ಟೆಲಿಗೆ ಫೋನ್ ಮಾಡಿದ್ದೆ. ರಿಸೆಪ್ಷನ್ ಹತ್ತಕ್ಕೆ ಮುಚ್ಚುತ್ತದೆ, ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಕೀ ಇಡುತ್ತೇವೆ ಅಂತ ನಾಲ್ಕು ಅಂಕಿ ಹೇಳಿದರು. ಫೋನಿನಲ್ಲಿ ಚಾರ್ಜ್ ಹನ್ನೊಂದು ಪರ್ಸೆಂಟ್. ಆ ನಾಲ್ಕು ಅಂಕಿಯನ್ನು ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡೆ. ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಹಾಗೆ ರೈಲು ತಪ್ಪಿದವರು ಇನ್ನಿಬ್ಬರಿದ್ದರು. ನಾಯಿ ಜೊತೆಗೆ ಒಬ್ಬರು ಅಜ್ಜಿ, ಮತ್ತೆ ಒಬ್ಬ ಕಾಲೇಜು ಹುಡುಗ. ಅಜ್ಜಿಯೇ ಟ್ಯಾಕ್ಸಿಗೆ ಫೋನ್ ಮಾಡಿದರು. ಮೂವರೂ ಹಂಚಿಕೊಂಡೆವು. ನಾಯಿ ನನ್ನ ಕಾಲ ಮೇಲೆ ಮಲಗಿತ್ತು, ಆ ಬಿಸಿ ಇವತ್ತಿಗೂ ನೆನಪಿದೆ. ಹಾಸ್ಟೆಲಿನ ಬಾಗಿಲಲ್ಲಿ ನಿಂತು ಅಂಗೈ ನೋಡಿದರೆ ಬೆವರಿಗೆ ಮೂರನೇ ಅಂಕಿ ಅಳಿಸಿತ್ತು. 1 ಇರಬಹುದು, 7 ಇರಬಹುದು. 7 ಆಗಿತ್ತು.

ಇದರಿಂದ ನಾನು ಮಾಡಿಕೊಂಡ ಕಟ್ಟುಪಾಡು ಹೀಗಿದೆ. ಕತ್ತಲಾಗುವ ಮೊದಲು ತಲುಪುವ ರೈಲೇ ಸೈ. ಆ ದಿನದ ಕೊನೆಯ ರೈಲನ್ನು ನಂಬಿ ಹೊರಡುವುದೇ ಇಲ್ಲ, ಅದಕ್ಕಿಂತ ಹಿಂದಿನ ಎರಡು ರೈಲಾದರೂ ಕೈಯಲ್ಲಿರಬೇಕು. ರೈಲು ಬದಲಿಸಲು ನಡುವೆ ಅರ್ಧ ಗಂಟೆ ಬೇಕು. ಬದಲಿಸುವ ಸ್ಟೇಷನ್ ದೊಡ್ಡದಿದ್ದರೆ ಒಳ್ಳೆಯದು, ಸಿಕ್ಕಿಹಾಕಿಕೊಂಡರೂ ಬೆಳಕಿರುತ್ತದೆ, ಜನ ಇರುತ್ತಾರೆ. ಇನ್ನೊಂದು, ಟ್ಯಾಕ್ಸಿಯ ರಶೀದಿ ಕೇಳಿ ತೆಗೆದುಕೊಳ್ಳಿ. ರಾತ್ರಿ 12ರಿಂದ 5ರ ನಡುವೆ ತಲುಪಬೇಕಾದ ರೈಲು ಒಂದು ಗಂಟೆಗಿಂತ ಹೆಚ್ಚು ತಡವಾಗುವುದಾದರೆ, ಅಥವಾ ದಿನದ ಕೊನೆಯ ರೈಲೇ ರದ್ದಾಗಿ ಮಧ್ಯರಾತ್ರಿಯೊಳಗೆ ತಲುಪುವ ಬೇರೆ ದಾರಿ ಇಲ್ಲದಿದ್ದರೆ, ಟ್ಯಾಕ್ಸಿಗೆ 120 ಯೂರೋವರೆಗೆ ವಾಪಸ್ ಕೇಳುವ ಹಕ್ಕು ಜರ್ಮನಿಯಲ್ಲಿ ಇದೆ. ನನ್ನದು ಆ ಲೆಕ್ಕಕ್ಕೆ ಬರುತ್ತಿತ್ತೋ ಇಲ್ಲವೋ, ರಶೀದಿಯೇ ಇಲ್ಲದ ಮೇಲೆ ಕೇಳುವುದು ಎಲ್ಲಿಂದ.

ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ದಿನದ ಬಾಡಿಗೆ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಐದಕ್ಕೆ ಇಳಿದು ಕಣ್ಣುಜ್ಜಿಕೊಂಡು ನಿಂತದ್ದು ನೆನಪಿದೆಯಾ? ಅಲ್ಲಿಯಾದರೂ ಚಾ ಅಂಗಡಿ ತೆರೆದಿರುತ್ತದೆ. ಇಲ್ಲಿ ಹಾಸ್ಟೆಲಿನ ಮಂಚ ಸಿಗುವುದು ಮಧ್ಯಾಹ್ನ ಎರಡು ಮೂರರ ಮೇಲೆ. ಬೆಳಿಗ್ಗೆ ಚೀಲ ಇಟ್ಟುಕೊಳ್ಳುತ್ತಾರೆ, ಅಷ್ಟೆ. ಆ ದಿನ ಪೂರ್ತಿ ತೂಕಡಿಸುತ್ತ ತಿರುಗುವುದು. ನನಗೆ ಬೇಡ.

ಚೀಲ, ಹೊಟ್ಟೆ

ಒಂದೇ ಚೀಲ, ಬೆನ್ನಿಗೆ ಹಾಕುವಂಥದ್ದು. ಶೌಚಾಲಯಕ್ಕೆ ಹೋಗುವಾಗ ಸೂಟ್‌ಕೇಸ್ ನೋಡಿಕೊಳ್ಳಲು ಯಾರೂ ಇರುವುದಿಲ್ಲ, ಅದು ನೆನಪಿರಲಿ. ಸಣ್ಣ ಬೀಗ, ಕಿವಿಗೆ ಹತ್ತಿ, ಪವರ್ ಬ್ಯಾಂಕ್, ಪೆನ್ನು. ಚಿಲ್ಲರೆ ನಾಣ್ಯ ಬೇಕು, ಸ್ಟೇಷನ್ ಶೌಚಾಲಯಕ್ಕೆ ದುಡ್ಡು ಕೊಡಬೇಕಾಗುತ್ತದೆ. ನಲ್ಲಿ ನೀರು ಕುಡಿಯಬಹುದು, ಖಾಲಿ ಬಾಟಲಿ ಇಟ್ಟುಕೊಳ್ಳಿ.

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ. ನಮ್ಮ ಕಡೆ ಹರತಾಳದ ದಿನ ಇದ್ದ ಹಾಗೆ. ದೊಡ್ಡ ಸ್ಟೇಷನ್ನಿನೊಳಗಿನ ಅಂಗಡಿ ಮಾತ್ರ ತೆರೆದಿರುತ್ತದೆ. ಶನಿವಾರವೇ ತೆಗೆದಿಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ನನ್ನ ಉಪಾಯ ಅವಲಕ್ಕಿ. ಅರ್ಧ ಕಿಲೋ ತೆಳು ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ. ಮೊಸರು ಯಾವ ಸೂಪರ್ ಮಾರ್ಕೆಟಿನಲ್ಲೂ ಸಿಗುತ್ತದೆ. ಹಾಸ್ಟೆಲ್ ಅಡುಗೆ ಕೋಣೆಯಲ್ಲಿ ಉಳಿದವರು ಪಾಸ್ತಾ ಬೇಯಲು ಕಾಯುತ್ತಿರುವಾಗ ನಿಮ್ಮ ಊಟ ಮುಗಿದಿರುತ್ತದೆ. ಊರಿನಿಂದ ತರುವಾಗ ಒಂದು ವಿಷಯ: ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ಹಾಲಿನ ಪದಾರ್ಥ ತರುವಂತಿಲ್ಲ. ಅಮ್ಮ ಕಟ್ಟಿಕೊಡುವ ತುಪ್ಪವೂ ಅದರಲ್ಲಿ ಬರುತ್ತದೆ. ಇದನ್ನು ಅಮ್ಮನಿಗೆ ಒಪ್ಪಿಸುವುದು ವೀಸಾ ತೆಗೆಯುವುದಕ್ಕಿಂತ ಕಷ್ಟ.

ದುಡ್ಡು, ಫೋನು

ಬ್ಲಾಕ್ ಖಾತೆಯಿಂದ, ಅಂದರೆ ವೀಸಾಕ್ಕಾಗಿ ಖರ್ಚಿನ ದುಡ್ಡು ಮೊದಲೇ ಕಟ್ಟಿಟ್ಟ ಖಾತೆಯಿಂದ, ತಿಂಗಳಿಗೆ ಬರುವುದು 992 ಯೂರೋ. ಬಾಡಿಗೆ, ವಿಮೆ ಕಳೆದು ಉಳಿದದ್ದರಲ್ಲೇ ಪ್ರಯಾಣ. ಹೊರಡುವ ಮೊದಲು ಒಂದು ಮೊತ್ತ ಬೇರೆ ಇಡಿ. ಅದರ ಜೊತೆಗೆ ಒಂದು ರಾತ್ರಿಯ ಹೋಟೆಲ್ ಮತ್ತು ಒಂದು ಟ್ಯಾಕ್ಸಿಗೆ ಆಗುವಷ್ಟು ಮುಟ್ಟದ ದುಡ್ಡು. ಅದನ್ನು ಮುಟ್ಟದೆ ವಾಪಸ್ ಬಂದರೆ ಮುಂದಿನ ಸಲಕ್ಕಾಯಿತು. ಸ್ವಲ್ಪ ನೋಟು ಕಾರ್ಡಿನಿಂದ ಬೇರೆ ಕಡೆ ಇರಲಿ, ಸಾಕ್ಸಿನೊಳಗೆ ಆದರೂ ಸರಿ.

ಎಲ್ಲ ಕಡೆ ಯೂರೋ ಇಲ್ಲ. ಚೆಕ್, ಪೋಲೆಂಡ್, ಹಂಗೇರಿ, ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಬೇರೆ ಬೇರೆ ಹಣ. ಅಲ್ಲಿಯ ಎಟಿಎಂ ಯೂರೋ ಲೆಕ್ಕದಲ್ಲಿ ಕೊಡಲಾ ಅಂತ ಕೇಳುತ್ತದೆ. ಬೇಡ ಅನ್ನಿ, ಆ ದೇಶದ ಹಣದ ಲೆಕ್ಕವನ್ನೇ ಆರಿಸಿ. ಇಲ್ಲದಿದ್ದರೆ ಅದು ತನಗೆ ಬೇಕಾದ ದರ ಹಾಕುತ್ತದೆ.

ಜರ್ಮನಿಯ ಸಿಮ್ ಒಕ್ಕೂಟದ ಎಲ್ಲ ದೇಶಗಳಲ್ಲಿ ಬೇರೆ ದುಡ್ಡಿಲ್ಲದೆ ನಡೆಯುತ್ತದೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಹಾಗಲ್ಲ. ಬಾಸೆಲಿನಲ್ಲಿ ಇಳಿಯುವ ಮೊದಲೇ ಡೇಟಾ ಆಫ್ ಮಾಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಮನೆಗೆ ಸುದ್ದಿ ಹೇಳುವುದಕ್ಕೆ ಒಂದು ಹೊತ್ತು ಗೊತ್ತುಮಾಡಿ. ದಿನಪೂರ್ತಿ ಲೊಕೇಶನ್ ಕಳಿಸುತ್ತ ಇರುವುದು ಬೇಡ, ಎರಡು ನಿಮಿಷ ಸಿಗ್ನಲ್ ಹೋದರೆ ಅಲ್ಲಿ ಗಾಬರಿ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಸಂಜೆ ಆರಕ್ಕೆ ಹಾಸ್ಟೆಲ್ ಸೇರಿ ಒಂದು ಫೋಟೋ ಹಾಕಿದರೆ ಇಲ್ಲಿ ಒಂಬತ್ತೂವರೆ ಅಥವಾ ಹತ್ತೂವರೆ, ಅಮ್ಮ ಮಲಗಬಹುದು. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ತಿರುಗಿಸುತ್ತಾರೆ. ಅಕ್ಟೋಬರಿನದನ್ನು ಮನೆಯವರಿಗೆ ಮೊದಲೇ ಹೇಳಿ. ನಾನು ಹೇಳಲು ಮರೆತ ವರ್ಷ, ಮೆಸೇಜ್ ಒಂದು ಗಂಟೆ ತಡವಾಗಿ ಬಂತು ಅಂತ ಅಪ್ಪ ಮಂಗಳೂರಿನ ಭಾವನನ್ನು ಎಬ್ಬಿಸಿದ್ದರು.

ಅಲ್ಲಿಯೇ ಇರುವ ಒಬ್ಬರಿಗೂ, ರೂಮ್‌ಮೇಟ್ ಆದರೂ ಸರಿ, ಹಾಸ್ಟೆಲಿನ ಹೆಸರು ಮತ್ತು ವಾಪಸ್ ಬರುವ ದಿನ ಹೇಳಿಟ್ಟು ಹೋಗಿ. ಪೆರ್ಲದಲ್ಲಿ ಕೂತವರು ಗಾಬರಿ ಪಡಬಹುದು, ಓಡಿ ಬರಲು ಆಗುವುದಿಲ್ಲ.

ಏನಾದರೂ ಆದರೆ

ಯುರೋಪಿನಲ್ಲಿ ಪೊಲೀಸ್, ಆಂಬುಲೆನ್ಸ್ ಯಾವುದಕ್ಕೂ 112. ಜರ್ಮನಿಯಲ್ಲಿ ರಾತ್ರಿ ಜ್ವರ ಬಂತು, ತುರ್ತೇನಲ್ಲ ಅಂದರೆ 116117. ಜರ್ಮನಿಯ ಬ್ಯಾಂಕ್ ಕಾರ್ಡ್ ಕಳೆದರೆ ತಡೆಹಿಡಿಯಲು 116116. ಈ ಮೂರನ್ನು ಚೀಟಿಯಲ್ಲಿ ಬರೆದು ಚೀಲದಲ್ಲಿಡಿ. ಫೋನೇ ಕಳೆದರೆ ಫೋನಿನಲ್ಲಿರುವ ನಂಬರಿನಿಂದ ಏನು ಪ್ರಯೋಜನ.

ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿಯ ಪೊಲೀಸರಲ್ಲಿ ದೂರು ಕೊಟ್ಟು ಅದರ ಕಾಗದ ತೆಗೆದುಕೊಳ್ಳಿ. ಆಮೇಲೆ ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿ. ಜರ್ಮನಿಯಲ್ಲಾದರೆ ಬರ್ಲಿನ್ನಿನಲ್ಲಿ ರಾಯಭಾರ ಕಚೇರಿ, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟ್. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟ, ವಾಸದ ಕಾರ್ಡಿನ ಎರಡೂ ಬದಿ, ಇವುಗಳ ಪ್ರತಿಯನ್ನು ನಿಮ್ಮ ಇಮೇಲಿಗೇ ಕಳಿಸಿಟ್ಟುಕೊಳ್ಳಿ. ಗಡಿಯಲ್ಲಿ ನಡೆಯದ ಆ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಯಾರಾದರೂ ಜಾಸ್ತಿ ಸಲಿಗೆ ತೋರಿಸಿ "ಒಬ್ಬಳೇನಾ?" ಅಂತ ಕೇಳಿದರೆ, ಅಲ್ಲ, ಗೆಳತಿ ಹಾಸ್ಟೆಲಿನಲ್ಲಿದ್ದಾಳೆ ಅಂತ ಹೇಳಿ. ಅದಕ್ಕೆ ಪಾಪ ಏನಿಲ್ಲ. ಸರಿ ಕಾಣದ ಬೋಗಿಯಲ್ಲಿ ಕೂರಬೇಡಿ, ಎದ್ದು ಕುಟುಂಬಗಳಿರುವ ಕಡೆ ಹೋಗಿ. ಅವರಿಗೆ ಬೇಸರವಾಗುತ್ತದೋ ಅಂತ ಯೋಚಿಸುವ ನಮ್ಮ ಊರಿನ ಸಂಕೋಚವನ್ನು ಆ ಹೊತ್ತಿಗೆ ಬದಿಗಿಡಿ.

ವಾಪಸ್ ಬಂದ ಮೇಲೆ ಒಂದೇ ಕೆಲಸ ಬಾಕಿ. ಡಾಯ್ಚ್‌ಲಾಂಡ್ ಟಿಕೆಟನ್ನು ನೀವೇ ದುಡ್ಡು ಕೊಟ್ಟು ತೆಗೆದುಕೊಂಡಿದ್ದರೆ ಅದು ಪ್ರತಿ ತಿಂಗಳು ತಾನಾಗಿ ಮುಂದುವರಿಯುತ್ತದೆ. ಮುಂದಿನ ತಿಂಗಳು ಬೇಡ ಅಂದರೆ ಈ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ಓದು ಮುಗಿದು ವಿದ್ಯಾರ್ಥಿ ಟಿಕೆಟ್ ನಿಂತ ಮೇಲೆ ನಾನೂ ಒಮ್ಮೆ ತೆಗೆದುಕೊಂಡಿದ್ದೆ, ನೆನಪಾದದ್ದು 11ಕ್ಕೆ. ಇನ್ನೊಂದು ತಿಂಗಳ ದುಡ್ಡು ಸುಮ್ನೆ ಹೋಗುತ್ತದಲ್ಲ ಅಂತ ಹೊಟ್ಟೆ ಉರಿದು, ನಮ್ಮ ಕನ್ನಡ ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್‌ಗೆ ಅದರಲ್ಲೇ ಹೋಗಿ ಬಂದೆ. ಬೆಳಿಗ್ಗೆ ಹೊರಡುವಾಗ ಅಮ್ಮನ ಫೋನ್. ಪ್ರಶ್ನೆ ಬರುವ ಮೊದಲೇ ಹಾಸ್ಟೆಲಿನ ಹೆಸರು ಹೇಳಿದೆ.